ಎಡ ವಿಂಗ್‌ನಿಂದ ಸ್ಟಾಪರ್ ಸ್ಥಾನಕ್ಕೆ: ಮಿಹಾಯ್ಲೊವಿಚ್ ಬಗ್ಗೆ ಬಲ್ಲವರು ತಿಳಿಸುವಿರಾ?

ಬೆಂಗ್ರೆ ಕೋಚ್, ಮಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗ್ರೆಯಲ್ಲಿ ಹದಿನಾರು ವರ್ಷದೊಳಗಿನ ಹುಡುಗರಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡುತ್ತೇನೆ. ತರಬೇತಿಯ ಪರೀಕ್ಷೆ ಪಾಸು ಮಾಡಿದವನಲ್ಲ. ಕಾಲೇಜಿನ ದಿನಗಳಲ್ಲಿ ನೆಹರೂ ಮೈದಾನದಲ್ಲಿ ಆಡಿದ ಅನುಭವ ಮತ್ತು ಟಿವಿಯಲ್ಲಿ ನೋಡಿ ಕಲಿತದ್ದು, ಇಷ್ಟೇ ನನ್ನ ಬಂಡವಾಳ.

ನಮ್ಮಲ್ಲಿ ಒಬ್ಬ ಎಡಗಾಲಿನ ಹುಡುಗನಿದ್ದಾನೆ. ಆರಂಭದಿಂದಲೂ ಎಡ ವಿಂಗ್‌ನಲ್ಲೇ ಆಡಿದವನು. ಅವನು ಫ್ರೀ ಕಿಕ್ ಒದೆಯುವುದನ್ನು ನೋಡಲೆಂದೇ ಬಂದರಿಗೆ ಹೋಗುವವರು ಒಂದು ಫೆರಿ ತಪ್ಪಿದರೂ ಪರವಾಗಿಲ್ಲವೆಂದು ನಿಲ್ಲುವುದುಂಟು. ಆದರೆ ಕಳೆದ ಒಂದು ವರ್ಷದಲ್ಲಿ ಅವನ ಎತ್ತರ ಬೆಳೆಯಿತೇ ಹೊರತು ಓಟ ಬೆಳೆಯಲಿಲ್ಲ. ಅವನನ್ನು ಈ ಮಳೆಗಾಲದಲ್ಲಿ ಸ್ಟಾಪರ್ ಸ್ಥಾನದಲ್ಲಿ, ಅಂದರೆ ರಕ್ಷಣೆಯ ನಡುವಿನಲ್ಲಿ, ನಿಲ್ಲಿಸಿ ನೋಡಿದೆ. ನನ್ನ ಕಣ್ಣಿಗೆ ಅವನು ಅಲ್ಲಿಗೇ ಹುಟ್ಟಿದವನಂತೆ ಕಂಡ. ಅವನಿಗೆ ಮಾತ್ರ ಅದು ಶಿಕ್ಷೆಯಂತೆ ಕಂಡಿತು. ಅವನ ತಂದೆ ಪರ್ಸೀನ್ ಬೋಟಿನಲ್ಲಿ ದುಡಿಯುವವರು. ಈಗ ಮೀನುಗಾರಿಕೆಗೆ ರಜೆ ಇರುವುದರಿಂದ ದಿನವೂ ಕೊಡೆ ಹಿಡಿದು ಮೈದಾನದ ಅಂಚಿನಲ್ಲಿ ನಿಂತಿರುತ್ತಾರೆ. "ಮುಂದೆ ಆಡುತ್ತಿದ್ದವನನ್ನು ಹಿಂದಕ್ಕೆ ತಳ್ಳಿದಿರಲ್ಲ, ಅವನೇನು ತಪ್ಪು ಮಾಡಿದ?" ಎಂದು ಅವರು ಕೇಳಿದಾಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಸರ್ಬಿಯಾದ ಸಿನಿಶಾ ಮಿಹಾಯ್ಲೊವಿಚ್ ಇದೇ ರೀತಿ ಎಡಬದಿಯಿಂದ ರಕ್ಷಣೆಯ ನಡುವಿಗೆ ಬಂದು, ಅಲ್ಲಿಯೇ ದೊಡ್ಡ ಹೆಸರು ಮಾಡಿ, ಮುಂದೆ ತರಬೇತುದಾರನೂ ಆದರು ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ? ಯಾವ ವಯಸ್ಸಿನಲ್ಲಿ, ಯಾರ ಮಾತಿನಿಂದ ಆ ಬದಲಾವಣೆ ಆಯಿತು? ತರಬೇತುದಾರರಾದ ಮೇಲೆ ಅವರು ಹುಡುಗರನ್ನು ಹೇಗೆ ನಡೆಸಿಕೊಂಡರು? ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಮಾತಾಡುವ ಮುನ್ನ ಸರಿಯಾಗಿ ತಿಳಿದುಕೊಳ್ಳಬೇಕೆಂದಿದ್ದೇನೆ.


ಕದ್ರಿ ಗುಡ್ಡೆ, ಮಂಗಳೂರು

ನೀವು ಓದಿದ್ದು ನಿಜ. ಆ ಹುಡುಗನ ತಂದೆಗೆ ಮೊದಲು ಹೇಳಬೇಕಾದದ್ದು ಇದು: ಮಿಹಾಯ್ಲೊವಿಚ್ ರಕ್ಷಣೆಯ ನಡುವಿಗೆ ಬಂದದ್ದು ಹದಿನೈದನೆಯ ವಯಸ್ಸಿನಲ್ಲಲ್ಲ, ಇಪ್ಪತ್ತೈದು ದಾಟಿದ ಮೇಲೆ. ಅಷ್ಟರೊಳಗೆ ಅವರು ಯುರೋಪಿನ ಅತಿದೊಡ್ಡ ಕ್ಲಬ್ ಪ್ರಶಸ್ತಿಯನ್ನು ಗೆದ್ದವರಾಗಿದ್ದರು.

ಅವರು ಹುಟ್ಟಿದ್ದು 1969ರ ಫೆಬ್ರವರಿ 20ರಂದು, ಡ್ಯಾನ್ಯೂಬ್ ನದಿಯ ದಡದಲ್ಲಿರುವ ವುಕೊವಾರ್‌ನಲ್ಲಿ. ಅದು ಆಗ ಯುಗೊಸ್ಲಾವಿಯಾಕ್ಕೆ ಸೇರಿತ್ತು, ಈಗ ಕ್ರೊಯೇಷಿಯಾದಲ್ಲಿದೆ. ತಂದೆ ಸರ್ಬ್, ತಾಯಿ ಕ್ರೊಯಾಟ್. ಪಕ್ಕದ ಬೊರೊವೊದಲ್ಲಿ ಬೆಳೆದು, ಅಲ್ಲಿನ ತಂಡದಿಂದ 1988ರಲ್ಲಿ ನೊವಿ ಸಾದ್ ನಗರದ ವೊಯ್ವೊಡಿನಾ ತಂಡಕ್ಕೆ ಹೋದರು, ಹೋದ ಮೊದಲ ಋತುವಿನಲ್ಲೇ ಆ ತಂಡ ಯುಗೊಸ್ಲಾವ್ ಲೀಗ್ ಗೆದ್ದಿತು. ಅಲ್ಲಿನ ತರಬೇತುದಾರ ಲ್ಯುಪ್ಕೊ ಪೆಟ್ರೊವಿಚ್ ಬಳಿಕ ರೆಡ್ ಸ್ಟಾರ್ ಬೆಲ್‌ಗ್ರೇಡ್ ತಂಡಕ್ಕೆ ಹೋದಾಗ, ಮಿಹಾಯ್ಲೊವಿಚ್ ಕೂಡ ಹಿಂದೆಯೇ ಅಲ್ಲಿಗೆ ಸೇರಿದರು.

1991ರ ಏಪ್ರಿಲ್ 24ರಂದು ಬೆಲ್‌ಗ್ರೇಡ್‌ನಲ್ಲಿ ನಡೆದ ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯವನ್ನು ನೀವು ಹುಡುಗನಿಗೆ ತೋರಿಸಬಹುದು. ಎದುರಾಳಿ ಜರ್ಮನಿಯ ಬಾಯರ್ನ್ ಮ್ಯೂನಿಕ್. ಮ್ಯೂನಿಕ್‌ನಲ್ಲಿ ನಡೆದ ಮೊದಲ ಪಂದ್ಯವನ್ನು ರೆಡ್ ಸ್ಟಾರ್ 2-1ರಿಂದ ಗೆದ್ದಿತ್ತು. ಎರಡನೆಯದರಲ್ಲಿ ಮಿಹಾಯ್ಲೊವಿಚ್ ಫ್ರೀ ಕಿಕ್‌ನಿಂದ ಮೊದಲ ಗೋಲು ಹೊಡೆದರು. ಬಾಯರ್ನ್ ಎರಡು ಗೋಲು ಹೊಡೆದು ಎರಡೂ ಪಂದ್ಯಗಳ ಒಟ್ಟು ಲೆಕ್ಕವನ್ನು ಸಮ ಮಾಡಿತು. ಹೆಚ್ಚುವರಿ ಅವಧಿ ಖಚಿತವೆಂದು ಎಲ್ಲರೂ ಅಂದುಕೊಂಡಿದ್ದ ಕೊನೆಯ ನಿಮಿಷದಲ್ಲಿ ಎಡಬದಿಯಿಂದ ಅವರು ಒದ್ದ ಚೆಂಡು ಬಾಯರ್ನ್‌ನ ರಕ್ಷಣಾ ಆಟಗಾರ ಔಗೆಂತಾಲರ್ ಅವರ ಕಾಲಿಗೆ ತಾಗಿ ಮೇಲಕ್ಕೆದ್ದು ಗೋಲಿ (ಗೋಲ್‌ಕೀಪರ್) ಔಮನ್ ಅವರ ತಲೆಯ ಮೇಲಿಂದ ಬಲೆಗೆ ಇಳಿಯಿತು. ಮೇ 29ರಂದು ಬಾರಿಯಲ್ಲಿ ಮಾರ್ಸೆ ತಂಡದ ವಿರುದ್ಧ ನಡೆದ ಫೈನಲ್ ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋದಾಗ, ನಾಲ್ಕನೆಯ ಪೆನಾಲ್ಟಿಯನ್ನು ಗೋಲಾಗಿಸಿದವರೂ ಇವರೇ. ರೆಡ್ ಸ್ಟಾರ್ 5-3ರಿಂದ ಗೆದ್ದಿತು.

ಇಲ್ಲಿಯವರೆಗಿನದು ಎಡಬದಿಯ ಮಿಡ್‌ಫೀಲ್ಡರ್‌ನ ಕಥೆ. 1992ರಲ್ಲಿ ತರಬೇತುದಾರ ವುಯಾದಿನ್ ಬೊಶ್ಕೊವ್, ಮಿಹಾಯ್ಲೊವಿಚ್ ಅವರನ್ನು ಇಟಲಿಯ ರೋಮಾ ತಂಡಕ್ಕೆ ಕರೆತಂದರು. ಅಲ್ಲಿ ಹೆಚ್ಚಾಗಿ ಎಡಬದಿಯಲ್ಲೇ ಕಳೆದ ಎರಡು ಋತುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 1994ರಲ್ಲಿ ಜೆನೊವಾದ ಸಾಂಪ್ಡೋರಿಯಾ ತಂಡಕ್ಕೆ ಹೋದಾಗ, ಅಲ್ಲಿದ್ದ ಸ್ವೀಡನ್ನಿನ ತರಬೇತುದಾರ ಸ್ವೆನ್ ಗೊರಾನ್ ಎರಿಕ್ಸನ್, ಮಿಹಾಯ್ಲೊವಿಚ್ ಅವರನ್ನು ರಕ್ಷಣೆಯ ನಡುವಿಗೆ ಸರಿಸಿದರು. ಬದಿಯಲ್ಲಿ ಆಡುವವನಿಗೆ ಗೆರೆಯೇ ಒಂದು ಗೋಡೆ, ಮೈದಾನದ ಅರ್ಧ ಮಾತ್ರ ಅವನ ಕಣ್ಣಿಗೆ ಬೀಳುತ್ತದೆ. ನಡುವಿನಲ್ಲಿ ಹಿಂದೆ ನಿಂತವನಿಗೆ ಇಡೀ ಮೈದಾನ ಎದುರಿಗಿರುತ್ತದೆ, ಮತ್ತು ನಲವತ್ತು ಐವತ್ತು ಮೀಟರ್ ದೂರಕ್ಕೆ ಚೆಂಡನ್ನು ಹೇಳಿದ ಜಾಗಕ್ಕೆ ಮುಟ್ಟಿಸಬಲ್ಲ ಎಡಗಾಲು ಅಲ್ಲಿದ್ದರೆ ದಾಳಿ ಶುರುವಾಗುವುದೇ ಅಲ್ಲಿಂದ. ಹಾಗಾಗಿ ಅಪ್ಪನವರ ಪ್ರಶ್ನೆಗೆ ನನ್ನ ಉತ್ತರ: ಅವನನ್ನು ಹಿಂದಕ್ಕೆ ತಳ್ಳಿಲ್ಲ, ಚುಕ್ಕಾಣಿಯ ಹತ್ತಿರಕ್ಕೆ ಕರೆದಿದ್ದಾರೆ. ಬೋಟಿನಲ್ಲಿ ಚುಕ್ಕಾಣಿ ಎಲ್ಲಿರುತ್ತದೆ ಎಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

1998ರಲ್ಲಿ ಎರಿಕ್ಸನ್ ಅವರ ಹಿಂದೆಯೇ ರೋಮ್ ನಗರದ ಲಾಜಿಯೊ ತಂಡಕ್ಕೆ ಹೋದರು. ಅದೇ ಡಿಸೆಂಬರ್ 13ರಂದು, ಹಳೆಯ ತಂಡ ಸಾಂಪ್ಡೋರಿಯಾದ ವಿರುದ್ಧವೇ, ಒಂದೇ ಪಂದ್ಯದಲ್ಲಿ ಮೂರು ಗೋಲುಗಳನ್ನು ಮೂರು ಫ್ರೀ ಕಿಕ್‌ಗಳಿಂದ ಹೊಡೆದರು. ಲಾಜಿಯೊ 5-2ರಿಂದ ಗೆದ್ದಿತು. ಇಟಲಿಯ ಸೀರಿ ಎ ಲೀಗ್‌ನಲ್ಲಿ ಅವರ ಫ್ರೀ ಕಿಕ್ ಗೋಲುಗಳು ಒಟ್ಟು 28. 1999ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್, 2000ದಲ್ಲಿ ಇಟಲಿಯ ಲೀಗ್ ಪ್ರಶಸ್ತಿ ಬಂದವು. ಆ ಲೀಗ್ ನಿರ್ಧಾರವಾದ ಮೇ 14ರಂದು ಪೆರುಜಾದಲ್ಲಿ ನಮ್ಮ ಆಷಾಢದಂಥ ಮಳೆ ಸುರಿದು, ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಯುವೆಂಟಸ್ ತಂಡದ ಪಂದ್ಯ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿತ್ತು. ತಮ್ಮ ಪಂದ್ಯವನ್ನು 3-0ರಿಂದ ಗೆದ್ದು ಮುಗಿಸಿದ್ದ ಲಾಜಿಯೊದವರು ಆ ನೀರು ಇಳಿದು, ಆಟ ಮುಗಿದು, ಯುವೆಂಟಸ್ 1-0ರಿಂದ ಸೋತ ಸುದ್ದಿ ಬರುವವರೆಗೆ ರೋಮ್‌ನಲ್ಲಿ ಕಾದು ಕೂತಿದ್ದರು. ಬಳಿಕ 2004ರಿಂದ 2006ರವರೆಗೆ ಇಂಟರ್ ತಂಡದಲ್ಲಿ ಆಡಿ ನಿವೃತ್ತರಾದರು.


ಮಲ್ಪೆ ಸ್ಟಾಪರ್, ಉಡುಪಿ

ಕದ್ರಿಯವರು ಬರೆದದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಹುಡುಗನಿಗೆ ಹೇಳುವಾಗ ಅರ್ಧ ಮಾತ್ರ ಹೇಳಬಾರದು. ನಾನು ಹನ್ನೆರಡು ವರ್ಷ ಸ್ಟಾಪರ್ ಆಗಿ ಆಡಿದವನು. ಚೆಂದದ ಎಡಗಾಲು ಇದ್ದ ಮಾತ್ರಕ್ಕೆ ಯಾರೂ ಸ್ಟಾಪರ್ ಆಗುವುದಿಲ್ಲ.

ಲಾಜಿಯೊದಲ್ಲಿ ಮಿಹಾಯ್ಲೊವಿಚ್ ಪಕ್ಕದಲ್ಲಿ ಅಲೆಸ್ಸಾಂಡ್ರೊ ನೆಸ್ಟಾ ಇದ್ದರು ಎಂಬುದನ್ನು ಮರೆಯಬೇಡಿ. ಇವರ ವೇಗದ ಕೊರತೆಯನ್ನು ಅವರು ತುಂಬುತ್ತಿದ್ದರು. ನಿಮ್ಮ ಹುಡುಗನ ಪಕ್ಕದಲ್ಲಿ ವೇಗದ ಆಟಗಾರನೊಬ್ಬ ಇದ್ದಾನೆಯೇ? ಇಲ್ಲದಿದ್ದರೆ ಮೊದಲು ಅವನನ್ನು ಹುಡುಕಿ. ಇನ್ನೊಂದು, ಮಿಹಾಯ್ಲೊವಿಚ್ ತಂಡದ ಕಾರ್ನರ್‌ಗಳನ್ನೂ ತಾವೇ ಒದೆಯುತ್ತಿದ್ದರು. ಸ್ಟಾಪರ್ ಮೈದಾನದ ಆ ತುದಿಯ ಧ್ವಜದ ಬಳಿ ನಿಂತಿದ್ದಾಗ ಎದುರಾಳಿ ಗೋಲಿ ಚೆಂಡು ಹಿಡಿದು ನೇರವಾಗಿ ಮುಂದೆ ಎಸೆದರೆ ಏನು ಗತಿ? ಮಿಡ್‌ಫೀಲ್ಡ್‌ನವರಲ್ಲೊಬ್ಬರು ಮೊದಲೇ ಹಿಂದೆ ಇಳಿದು ನಿಂತಿರಬೇಕು, ಅದು ಅಭ್ಯಾಸದಲ್ಲಿ ನೂರು ಸಲ ಮಾಡಿ ರೂಢಿಯಾಗಬೇಕು. ಇಲ್ಲವಾದರೆ ಫ್ರೀ ಕಿಕ್‌ನಲ್ಲಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ.

ಹಿಂದೆ ನಿಂತವನ ತಪ್ಪಿಗೆ ತೆರುವ ಬೆಲೆ ಬೇರೆಯೇ. 2000ದ ಯುರೋ ಕಪ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಮಿಹಾಯ್ಲೊವಿಚ್ ತಮ್ಮ ಗೋಲಿನ ಹತ್ತಿರವೇ ಚೆಂಡನ್ನು ಎದುರಾಳಿಗೆ ಒಪ್ಪಿಸಿ ಮೂರನೆಯ ಗೋಲಿಗೆ ಕಾರಣರಾದರು, ಸ್ವಲ್ಪ ಹೊತ್ತಿನಲ್ಲೇ ರೆಡ್ ಕಾರ್ಡ್ ಪಡೆದು ಹೊರನಡೆದರು. ಹತ್ತು ಮಂದಿಯ ಯುಗೊಸ್ಲಾವಿಯಾ 0-3ರಿಂದ 3-3ಕ್ಕೆ ತಂದದ್ದು ಅವರ ಪುಣ್ಯ. ವಿಂಗ್‌ನಲ್ಲಿ ಅಂಥ ತಪ್ಪು ಮಾಡಿದರೆ ಯಾರೂ ನೆನಪಿಡುವುದಿಲ್ಲ. ಆ ಪಂದ್ಯವನ್ನೂ ತೋರಿಸಿ.


ಅಂಬಲಪಾಡಿ ಹಿರಿಯ, ಉಡುಪಿ

ಇಲ್ಲಿಯವರೆಗೆ ಎಲ್ಲರೂ ಆಟದ ಬಗ್ಗೆಯಷ್ಟೇ ಬರೆದಿದ್ದೀರಿ. ಹುಡುಗನ ಮುಂದೆ ಒಬ್ಬ ವ್ಯಕ್ತಿಯನ್ನು ಮಾದರಿಯಾಗಿ ನಿಲ್ಲಿಸುವಾಗ ಆ ವ್ಯಕ್ತಿಯ ಇತರ ಸಂಗತಿಗಳನ್ನೂ ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. 2000ದ ಅಕ್ಟೋಬರ್‌ನಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ಅವರು ಆ ತಂಡದ ಆಟಗಾರ ಪ್ಯಾಟ್ರಿಕ್ ವಿಯೆರಾ ಅವರನ್ನು ಜನಾಂಗದ ಹೆಸರಿನಲ್ಲಿ ನಿಂದಿಸಿದರು. ಮುಂದಿನ ತವರು ಪಂದ್ಯಕ್ಕೆ ಮೊದಲು ಮೈಕ್ ಹಿಡಿದು ಪ್ರೇಕ್ಷಕರೆದುರು ಕ್ಷಮೆ ಕೇಳಬೇಕಾಯಿತು, ಎರಡು ಪಂದ್ಯಗಳ ನಿಷೇಧವೂ ಆಯಿತು. 2003ರಲ್ಲಿ ಚೆಲ್ಸಿಯ ಆಡ್ರಿಯನ್ ಮುತು ಅವರ ಮೇಲೆ ಉಗುಳಿ ಎಂಟು ಪಂದ್ಯಗಳ ನಿಷೇಧಕ್ಕೆ ಒಳಗಾದರು. ಯುದ್ಧಾಪರಾಧದ ಆರೋಪ ಹೊತ್ತಿದ್ದ ಅರ್ಕಾನ್ ಎಂಬಾತ ಕೊಲೆಯಾದಾಗ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಹಾಕಿಸಿದ್ದರು. ಇವನ್ನು ಮುಚ್ಚಿಟ್ಟು ಫ್ರೀ ಕಿಕ್ ಮಾತ್ರ ತೋರಿಸುವುದು ನನಗೆ ಸರಿಕಾಣುವುದಿಲ್ಲ.

ಆದರೂ ಒಂದು ಪ್ರಸಂಗವನ್ನು ಹೇಳಲೇಬೇಕು, ಏಕೆಂದರೆ ಅದರ ಇನ್ನೊಬ್ಬ ಪಾತ್ರಧಾರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. 1991ರ ಮೇ 8ರಂದು, ಅಂದರೆ ಬಾರಿಯ ಫೈನಲ್‌ಗೆ ಮೂರು ವಾರ ಮೊದಲು, ಬೆಲ್‌ಗ್ರೇಡ್‌ನಲ್ಲಿ ಯುಗೊಸ್ಲಾವ್ ಕಪ್‌ನ ಫೈನಲ್ ನಡೆಯಿತು. ಅದಕ್ಕೆ ಆರು ದಿನ ಮುನ್ನ ಮಿಹಾಯ್ಲೊವಿಚ್ ಬೆಳೆದ ಊರಿನ ಪಕ್ಕದ ಬೊರೊವೊ ಸೆಲೊದಲ್ಲಿ ಹನ್ನೆರಡು ಮಂದಿ ಕ್ರೊಯೇಷಿಯನ್ ಪೊಲೀಸರು ಹತರಾಗಿದ್ದರು. ಎದುರಾಳಿ ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್. ಆ ತಂಡದ ಸ್ಟಾಪರ್ ಒಬ್ಬರಿಗೂ ಮಿಹಾಯ್ಲೊವಿಚ್‌ಗೂ ಮೈದಾನದಲ್ಲೇ ಜಗಳವಾಗಿ ಇಬ್ಬರೂ ರೆಡ್ ಕಾರ್ಡ್ ಪಡೆದರು. ತಮ್ಮ ಕುಟುಂಬದವರು ಸಾಯಲಿ ಎಂದು ಆತ ಹೇಳಿದನೆಂದು ಮಿಹಾಯ್ಲೊವಿಚ್ ವರ್ಷಗಟ್ಟಲೆ ದೂರಿದರು. ಆತ ಅದನ್ನು ಒಪ್ಪಲಿಲ್ಲ. ಅದೇ ವರ್ಷ ವುಕೊವಾರ್ ಮುತ್ತಿಗೆಗೆ ಸಿಕ್ಕಿ ನೆಲಸಮವಾಯಿತು, ಮಿಹಾಯ್ಲೊವಿಚ್ ಅವರ ಮನೆಯೂ ಹಾಳಾಯಿತು.

ಆ ಸ್ಟಾಪರ್ ಇಗೊರ್ ಸ್ಟಿಮಾಚ್. 2019ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದವರು. 2023ರ ಜೂನ್‌ನಲ್ಲಿ ದಕ್ಷಿಣ ಏಷ್ಯಾ ತಂಡಗಳ ಸ್ಯಾಫ್ ಕೂಟದ ಪಾಕಿಸ್ತಾನದ ಪಂದ್ಯ ನೋಡಲು ನಾನು ಮಗನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಕಂಠೀರವದಲ್ಲಿ ನಮ್ಮ ಕಣ್ಣೆದುರೇ, ಎದುರಾಳಿ ಆಟಗಾರ ಥ್ರೋ ಮಾಡಲು ಹೊರಟಾಗ ಸ್ಟಿಮಾಚ್ ಆ ಆಟಗಾರನ ಕೈಯಿಂದ ಚೆಂಡನ್ನು ತಪ್ಪಿಸಿ ರೆಡ್ ಕಾರ್ಡ್ ಪಡೆದರು. ಮಗ ನಕ್ಕ, ನನಗೆ 1991ರ ಆ ಪಂದ್ಯ ನೆನಪಾಯಿತು, ಮೂವತ್ತೆರಡು ವರ್ಷವಾದರೂ ಮನುಷ್ಯನ ಬಿಸಿ ಆರಿಲ್ಲವಲ್ಲ ಎಂದು.

2013ರ ಮಾರ್ಚ್ 22ರಂದು ಜಾಗ್ರೆಬ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಕ್ರೊಯೇಷಿಯಾದ ಕೋಚ್ ಸ್ಟಿಮಾಚ್, ಸರ್ಬಿಯಾದ ಕೋಚ್ ಮಿಹಾಯ್ಲೊವಿಚ್. ಪರಸ್ಪರ ಗಲಭೆಯ ಭಯದಿಂದ ಎರಡೂ ಕಡೆಯ ಪಂದ್ಯಗಳಿಗೆ ಎದುರಾಳಿ ಅಭಿಮಾನಿಗಳಿಗೆ ಪ್ರವೇಶವಿರಲಿಲ್ಲ. ಇಬ್ಬರೂ ಕೈಕುಲುಕಿದರು. ಕ್ರೊಯೇಷಿಯಾ 2-0ರಿಂದ ಗೆದ್ದಿತು. ನಿಮ್ಮ ಹುಡುಗನಿಗೆ ಕಥೆ ಹೇಳುವುದಾದರೆ ಆ ಕೈಕುಲುಕಿದ ಕಥೆಯನ್ನು ಹೇಳಿ.


ಕುಂದಾಪುರದವಳು, ಸದ್ಯ ಬೊಲೊನ್ಯಾ

ನಾನು ಸಂಶೋಧನೆಗೆಂದು ಈ ಊರಿಗೆ ಬಂದವಳು. ಫುಟ್‌ಬಾಲ್ ಅಷ್ಟಾಗಿ ತಿಳಿಯದು. ಆದರೆ ಈ ಊರಿನಲ್ಲಿದ್ದು ಮಿಹಾಯ್ಲೊವಿಚ್ ಹೆಸರು ಕೇಳದೆ ಇರಲು ಸಾಧ್ಯವಿಲ್ಲ. ತರಬೇತುದಾರರಾಗಿ ಅವರ ದಾರಿಯ ಬಗ್ಗೆ ಕೋಚ್ ಅವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಇಂಟರ್‌ನಲ್ಲಿ ರೊಬೆರ್ತೊ ಮಂಚೀನಿ ಅವರ ಸಹಾಯಕರಾಗಿದ್ದರು. 2008ರ ನವೆಂಬರ್‌ನಲ್ಲಿ ಬೊಲೊನ್ಯಾ ತಂಡ ಅವರ ಕೈಗೆ ಬಂತು, ಆರು ತಿಂಗಳಾಗುವ ಮೊದಲೇ ಕೈತಪ್ಪಿತು. ಆಮೇಲೆ ಕತಾನಿಯಾ, ಫಿಯೊರೆಂತೀನಾ, ಸರ್ಬಿಯಾ ರಾಷ್ಟ್ರೀಯ ತಂಡ, ಸಾಂಪ್ಡೋರಿಯಾ, ಮಿಲಾನ್, ತೊರೀನೊ. 2018ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ತಂಡದಲ್ಲಿ ಒಂದೂ ಪಂದ್ಯ ಆಡಿಸುವ ಮೊದಲೇ, ಒಂಬತ್ತೇ ದಿನಗಳಲ್ಲಿ ಕೆಲಸ ಹೋಯಿತು. ಮುಖ್ಯ ತರಬೇತುದಾರರಾಗಿ ಒಂದು ಕಪ್ಪನ್ನೂ ಗೆಲ್ಲಲಿಲ್ಲ. ಲಾಜಿಯೊದ ಆ 2000ದ ತಂಡದಿಂದಲೇ ತರಬೇತುದಾರರಾದ ಸಿಮೆಯೊನೆ, ಮಂಚೀನಿ, ಸಿಮೊನೆ ಇಂಜಾಗಿ ಅವರೆದುರು ಇಟ್ಟರೆ ಇದು ಸಣ್ಣ ಲೆಕ್ಕವೇ.

ಹುಡುಗರ ವಿಷಯದಲ್ಲಿ ಎರಡು ಘಟನೆಗಳು ಎರಡು ದಿಕ್ಕಿಗೆ ಎಳೆಯುತ್ತವೆ. 2012ರ ಮೇ ತಿಂಗಳಲ್ಲಿ, ಸರ್ಬಿಯಾದ ಕೋಚ್ ಆಗಿ ಮೊದಲ ಪಂದ್ಯದಲ್ಲೇ, ರಾಷ್ಟ್ರಗೀತೆ ಹಾಡಲಿಲ್ಲವೆಂದು ಇಪ್ಪತ್ತರ ಆದೆಮ್ ಲ್ಯಾಯಿಚ್ ಅವರನ್ನು ತಂಡದಿಂದ ಮನೆಗೆ ಕಳುಹಿಸಿದರು. ತಮ್ಮದು ವೈಯಕ್ತಿಕ ಕಾರಣವೆಂದು ಲ್ಯಾಯಿಚ್ ಹೇಳಿದರೂ ಕೇಳಲಿಲ್ಲ. ಸರ್ಬ್ ತಂದೆಗೂ ಕ್ರೊಯಾಟ್ ತಾಯಿಗೂ ಹುಟ್ಟಿ ಯುದ್ಧದ ನಡುವೆ ಮನೆ ಕಳೆದುಕೊಂಡವರಿಗೆ ಇನ್ನೊಬ್ಬನ ಮೌನ ಅರ್ಥವಾಗಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಇನ್ನೊಂದು 2015ರ ಅಕ್ಟೋಬರ್ 25ರದು. ಮಿಲಾನ್‌ನಲ್ಲಿ ಅನುಭವಿ ಗೋಲಿ ದಿಯೆಗೊ ಲೋಪೆಸ್ ಅವರನ್ನು ಬೆಂಚಿನಲ್ಲಿ ಕೂರಿಸಿ, ಸಸ್ಸುವೊಲೊ ವಿರುದ್ಧ ಹದಿನಾರು ವರ್ಷ ಎಂಟು ತಿಂಗಳಿನ ಜಾನ್‌ಲುಯಿಜಿ ದೊನ್ನರುಮ್ಮಾಗೆ ಕೈಗವಸು ತೊಡಿಸಿದರು. ಆ ಪಂದ್ಯದಲ್ಲಿ ಹುಡುಗ ಒಂದು ಗೋಲು ಬಿಟ್ಟುಕೊಟ್ಟ. ಆದರೂ ಮುಂದಿನ ಪಂದ್ಯಕ್ಕೂ ಅವನನ್ನೇ ಇಳಿಸಿದರು. ನಂತರದ ಏಪ್ರಿಲ್‌ನಲ್ಲಿ ಕೋಚ್ ಕೆಲಸ ಕಳೆದುಕೊಂಡರು, ಹುಡುಗ ಸ್ಥಾನ ಕಳೆದುಕೊಳ್ಳಲಿಲ್ಲ. 2021ರಲ್ಲಿ ನಡೆದ ಯುರೋ ಕಪ್‌ನ ಶ್ರೇಷ್ಠ ಆಟಗಾರ ಅವನೇ.

2019ರ ಜನವರಿಯಲ್ಲಿ ಎರಡನೆಯ ಸಲ ಬೊಲೊನ್ಯಾಕ್ಕೆ ಬಂದಾಗ ತಂಡ ಕೆಳಗಿನ ದರ್ಜೆಗೆ ಇಳಿಯುವ ಅಂಚಿನಲ್ಲಿತ್ತು. ಋತು ಮುಗಿಯುವಾಗ ಹತ್ತನೆಯ ಸ್ಥಾನದಲ್ಲಿತ್ತು. ಜುಲೈನಲ್ಲಿ ತಮಗೆ ರಕ್ತದ ಕ್ಯಾನ್ಸರ್ ಆಗಿದೆಯೆಂದು ಪತ್ರಕರ್ತರೆದುರು ತಾವೇ ಹೇಳಿದರು. ಇಲ್ಲಿ ಗುಡ್ಡದ ಮೇಲೆ ಸಾನ್ ಲೂಕಾ ಎಂಬ ಮಾತೆಯ ಗುಡಿಯಿದೆ, ಊರಿನಿಂದ ಅಲ್ಲಿಯವರೆಗೆ 666 ಕಮಾನುಗಳ ನೆರಳಿನ ದಾರಿ. ಅಭಿಮಾನಿಗಳು ಅವರಿಗಾಗಿ ಆ ದಾರಿಯನ್ನು ನಡೆದು ಏರಿದರು. ನಮ್ಮ ಕಡೆ ಅತ್ತೂರಿಗೆ ಹರಕೆ ಹೊತ್ತು ನಡೆಯುವವರನ್ನು ಕಂಡ ನನಗೆ ಇದನ್ನು ಯಾರೂ ವಿವರಿಸಬೇಕಾಗಿ ಬರಲಿಲ್ಲ. ಆಗಸ್ಟ್ 25ರಂದು, ನಲವತ್ತು ದಿನಗಳ ಆಸ್ಪತ್ರೆವಾಸದ ಬಳಿಕ, ತಲೆಗೆ ಟೋಪಿ, ಕುತ್ತಿಗೆಗೆ ಪಟ್ಟಿಯೊಂದಿಗೆ ವೆರೋನಾದ ಮೈದಾನದ ಅಂಚಿನಲ್ಲಿ ಕಾಣಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಬ್ರೆಷಾ ವಿರುದ್ಧ 1-3ರಿಂದ ಹಿಂದಿದ್ದ ತಂಡ 4-3ರಿಂದ ಗೆದ್ದು, ಬಸ್ಸನ್ನು ನೇರವಾಗಿ ಆಸ್ಪತ್ರೆಗೆ ತಿರುಗಿಸಿ, ಅವರ ಕಿಟಕಿಯ ಕೆಳಗೆ ನಿಂತು ಹಾಡಿತು. ಮೂಳೆಮಜ್ಜೆಯ ಕಸಿಯಾಯಿತು, ಮರಳಿ ಬಂದರು, 2022ರಲ್ಲಿ ಕಾಯಿಲೆಯೂ ಮರಳಿತು. ಸೆಪ್ಟೆಂಬರ್ 6ರಂದು ಕ್ಲಬ್ ಅವರನ್ನು ಬಿಡುಗಡೆ ಮಾಡಿತು, ಡಿಸೆಂಬರ್ 16ರಂದು ರೋಮ್‌ನಲ್ಲಿ ತೀರಿಕೊಂಡರು. 53 ವರ್ಷ. ಕಪ್ಪು ತಂದುಕೊಡದ ಕೋಚ್‌ನನ್ನು ಊರು ಗೌರವ ಪೌರನನ್ನಾಗಿ ಮಾಡಿಕೊಂಡಿತ್ತು.


ಬೆಂಗ್ರೆ ಕೋಚ್, ಮಂಗಳೂರು

ಎಲ್ಲರ ಉಪಕಾರ ದೊಡ್ಡದು. ನಿನ್ನೆ ಮಳೆ ಬಿಡದೆ ಹೊಡೆದದ್ದರಿಂದ ಅಭ್ಯಾಸ ನಿಲ್ಲಿಸಿ, ಅಪ್ಪ ಮಗ ಇಬ್ಬರನ್ನೂ ಮನೆಗೆ ಕರೆದು, ಸಾಂಪ್ಡೋರಿಯಾ ವಿರುದ್ಧದ ಮೂರು ಫ್ರೀ ಕಿಕ್‌ಗಳನ್ನು ತೋರಿಸಿದೆ. ಮಲ್ಪೆಯವರ ಮಾತಿನಂತೆ ಸ್ಲೊವೇನಿಯಾ ಪಂದ್ಯವನ್ನೂ ತೋರಿಸಿದೆ. ಹಿರಿಯರು ಹೇಳಿದ ವಿಯೆರಾ ವಿಷಯವನ್ನು ನಾನೇ ಬಾಯಿಬಿಟ್ಟು ಹೇಳಿದೆ, ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಷಮೆ ಕೇಳಿದ್ದು ಶಿಕ್ಷೆ ತಪ್ಪಿಸಿಕೊಳ್ಳಲಿಕ್ಕಾ ಸರ್?" ಎಂದ. ಗೊತ್ತಿಲ್ಲ ಎಂದೆ.

ಚುಕ್ಕಾಣಿಯ ಹೋಲಿಕೆಗೆ ಅವನ ತಂದೆ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಮೂರನೆಯ ಗೋಲನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿ, "ಇವರು ಒದೆಯಲು ಇಷ್ಟು ಮುಂದೆ ಬಂದಾಗ ಹಿಂದೆ ಇವರ ಜಾಗದಲ್ಲಿ ಯಾರು ನಿಂತಿದ್ದಾರೆ, ಅದನ್ನು ತೋರಿಸಿ" ಎಂದರು. ಟಿವಿಯ ಚೌಕಟ್ಟಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಊಟದ ಮೇಜಿನ ಮೇಲೆ ಲೋಟಗಳನ್ನಿಟ್ಟು ವಿವರಿಸಬೇಕಾಯಿತು. ಆಗಸ್ಟ್ ಒಂದಕ್ಕೆ ಅವರು ಕಡಲಿಗೆ ಇಳಿಯುತ್ತಾರೆ, ಅದಕ್ಕೆ ಮೊದಲು ಒಂದು ಪಂದ್ಯವನ್ನು ನೋಡಿ ಹೋಗುತ್ತೇನೆ ಎಂದಿದ್ದಾರೆ.

ಹುಡುಗ ಸ್ಟಾಪರ್ ಆಡಲು ಒಪ್ಪಿದ್ದಾನೆ, ಆದರೆ ತಂಡದ ಎಲ್ಲ ಫ್ರೀ ಕಿಕ್‌ಗಳೂ ಕಾರ್ನರ್‌ಗಳೂ ತನಗೇ ಬೇಕೆಂದು ಷರತ್ತು ಹಾಕಿದ್ದಾನೆ. ಇದುವರೆಗೆ ಬಲಬದಿಯ ಕಾರ್ನರ್ ಒದೆಯುತ್ತಿದ್ದ ಇನ್ನೊಬ್ಬ ಹುಡುಗ ಇವತ್ತು ಬೆಳಿಗ್ಗೆಯಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಅಪ್ಪನೂ ರಜೆಯಲ್ಲಿ ಮನೆಯಲ್ಲೇ ಇದ್ದಾರೆ.